ಹುಂಜದ ಗರಿ

ಹಾಲೇಶ್ ಡಬ್ಬಿಯ ಮುಚ್ಚಳ ತೆಗೆದವನೇ ಒಳಗಿದ್ದುದನ್ನೆಲ್ಲ ಬಚ್ಚಲೊಲೆಗೆ ಸುರಿದುಬಿಟ್ಟ. ಅಪ್ಪನ ಕೊನೆಯ ಸ್ನಾನಕ್ಕೆ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಕೆಂಪು, ಕಂದು, ಕಪ್ಪು ಕೋಳಿಗರಿಗಳು ಚುರ್ರೆಂದು ಮುದುಡಿದವು. ಹೊಲಿಗೆ ಮಷಿನ್ನಿನ ಖಾನೆಯಲ್ಲಿ ಆ ಡಬ್ಬಿ ಸಿಕ್ಕಾಗಲೇ ಅವನ ಕಿವಿ ಬಿಸಿಯಾಗಿತ್ತು. ಮಠದ ಅಯ್ಯನವರು ಬರುವಷ್ಟರಲ್ಲಿ ಮನೆಯಲ್ಲಿ ಇದರ ಸುಳಿವೂ ಇರಬಾರದು ಎಂದುಕೊಂಡಿದ್ದ.

ಗರಿ ಸುಟ್ಟರೆ ನಾರುತ್ತದೆ ಎಂಬುದು ತಲೆತಲಾಂತರದಿಂದ ಕೋಳಿ ಮುಟ್ಟದ ಲಿಂಗವಂತರ ಮನೆಯವನಿಗೆ ಹೇಗೆ ತಾನೆ ಗೊತ್ತಿರಬೇಕು? ಹೊಗೆ ಹಿತ್ತಲಿನಿಂದ ಎದ್ದು ಸೀದಾ ಅಂಗಳದ ಶಾಮಿಯಾನದೊಳಕ್ಕೆ ನುಗ್ಗಿತು. ಅಲ್ಲಿ ಅವನ ಅಪ್ಪ ಟೇಲರ್ ತಿಪ್ಪೇರುದ್ರಪ್ಪನ ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಮತ್ತೋಡಿನ ಅರ್ಧ ಊರು ಅವನು ಹೊಲಿದ ಅಂಗಿಯಲ್ಲೇ ಬಂದು ಕೂತಿತ್ತು. ಅಯ್ಯನವರು ಬೈಕಿನಿಂದ ಇಳಿಯುವುದಕ್ಕೂ ಆ ವಾಸನೆ ಬರುವುದಕ್ಕೂ ಸರಿಹೋಯಿತು. ಅವರು ಶಾಲಿನ ಚುಂಗನ್ನು ಮೂಗಿಗೆ ಹಿಡಿದರು.

"ಏನ್ಲೇ ಹಾಲೇಶಾ, ಕೋಳಿ ಸುಟ್ಟಂಗೆ ವಾಸ್ನೆ?" ಚಿಕ್ಕಪ್ಪ ಜಂಬಣ್ಣ ಎದ್ದು ನಿಂತ. "ಸಾವಿನ ಮನ್ಯಾಗೆ!"

ಎಲ್ಲರ ಮುಖವೂ ಹಾಲೇಶನ ಕಡೆ ತಿರುಗಿತು. ಅದೇ ಹೊತ್ತಿಗೆ ಮಾಡದಕೆರೆಯ ಕಾಟಪ್ಪ, ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದು, ಬಗಲಲ್ಲಿ ಒಂದು ಚೀಲ ಸಿಕ್ಕಿಸಿಕೊಂಡು ಗೇಟಿನ ಬಳಿ ನಿಂತಿದ್ದ. ಅಪ್ಪ ಭಾನುವಾರ ಭಾನುವಾರ ಹೋಗುತ್ತಿದ್ದುದು ಇವನ ಮನೆಗೇ.

"ಅವನ ಚೀಲದಾಗೆ ಏನೋ ಇರ್ಬೇಕು ಚಿಕ್ಕಪ್ಪ," ಎಂದ ಹಾಲೇಶ್. ಮಾತು ತಾನಾಗಿ ಬಾಯಿಂದ ಬಂದುಬಿಟ್ಟಿತ್ತು.

"ಸಾವಿಗೆ ಹಿಂಗಾ ಬರಾದು? ನಡಿಯಪ್ಪ ಆಚಿಗೆ," ಎಂದು ಜಂಬಣ್ಣ ಗದರಿದ.

ಕಾಟಪ್ಪ ಹಿತ್ತಲಿನ ಹೊಗೆ ನೋಡಿದ. ಹಾಲೇಶನ ಮುಖ ನೋಡಿದ. "ತಪ್ಪಾತು ಸ್ವಾಮಿ," ಎಂದು ದೂರದಿಂದಲೇ ಹೆಣಕ್ಕೆ ಕೈಮುಗಿದು ಹೊರಟುಹೋದ.

*

ಮೂರು ವರ್ಷದ ಹಿಂದೆ ಬಟ್ಟೆ ಒಗೆಯುವಾಗ ತಿಪ್ಪೇರುದ್ರಪ್ಪನ ಅಂಗಿ ಜೇಬಿನಲ್ಲಿ ಹೆಂಡತಿ ಶಿವಗಂಗಮ್ಮನಿಗೆ ಮೂರು ಗರಿ ಸಿಕ್ಕಿದ್ದವು, ಪೇಪರಿನಲ್ಲಿ ಜೋಪಾನವಾಗಿ ಸುತ್ತಿದ್ದವು. ಗಂಡ ಕಾಟಪ್ಪನ ಮನೆಯ ಕಟ್ಟೆಯ ಮೇಲೆ ಕೂತಿದ್ದನ್ನು ನೋಡಿದವರು ಅವಳಿಗೆ ಹೇಳಿ ಒಂದು ವಾರವೂ ಆಗಿರಲಿಲ್ಲ.

"ತಿಂದ್ರಾ?"

"ಇಲ್ಲ ಕಣೇ."

"ಮತ್ತೆ ಗರಿ ಯಾಕೆ?"

ಅವನು ಗರಿಗಳನ್ನು ಮತ್ತೆ ಪೇಪರಿನಲ್ಲಿ ಸುತ್ತಿಕೊಂಡ.

"ಕೊರಳಾಗೆ ಲಿಂಗ ಕಟ್ಕಂಡು ಕೋಳಿ ತಿಂತೀಯಲ್ಲ, ನಾಚ್ಕೆ ಆಗಲ್ವೇನಪ್ಪಾ?" ಎಂದಿದ್ದ ಹಾಲೇಶ್.

ಮಾರನೆಯ ದಿನದಿಂದ ತಟ್ಟೆ, ಲೋಟ ಬೇರೆಯಾದವು. ತಿಪ್ಪೇರುದ್ರಪ್ಪ ಜಗುಲಿಯಲ್ಲಿ ಕೂತು ಉಣ್ಣುತ್ತಿದ್ದ. ತಟ್ಟೆಯನ್ನು ತಾನೇ ತೊಳೆದು ಬಾಗಿಲ ಪಕ್ಕ ಕವುಚಿ ಇಡುತ್ತಿದ್ದ. ನೆಂಟರು ಕೇಳಿದರೆ ಹಾಲೇಶ್, "ಅಪ್ಪಂಗೆ ಗಾಳಿಗೆ ಕುಂತು ಉಣ್ಣಾದು ಅಂದ್ರೆ ಇಷ್ಟ," ಎನ್ನುತ್ತಿದ್ದ. ಅಪ್ಪನೂ ಹೂಂಗುಟ್ಟುತ್ತಿದ್ದ. ಭಾನುವಾರ ಮಾತ್ರ ತಪ್ಪಿಸಲಿಲ್ಲ. ಎಂಥ ಮೊಂಡ ಮುದುಕ ಎಂದು ಮಗ ಹಲ್ಲು ಕಡಿಯುತ್ತಿದ್ದ.

*

ಕಾಟಪ್ಪ ಬಸ್‌ ಸ್ಟಾಪಿನಲ್ಲಿ ಸಿಕ್ಕಿದ. ಹಾಲೇಶ್ ಸಾವಿನ ಮನೆಯಿಂದ ಅವನ ಹಿಂದೆ ಓಡಿ ಬಂದದ್ದು ಕ್ಷಮೆ ಕೇಳುವುದಕ್ಕೇನೂ ಅಲ್ಲ.

"ನೋಡು ಕಾಟಪ್ಪ, ಅಪ್ಪ ನಿಮ್ಮನೇಲಿ ತಿಂದಿದ್ದು ಎಲ್ಲೂ ಬಾಯಿಬಿಡಬ್ಯಾಡ."

"ಏನ್ ತಿಂದಿದ್ದು?"

"ಕೋಳಿ."

ಕಾಟಪ್ಪ ಬಗಲ ಚೀಲ ಕೆಳಗಿಟ್ಟ. "ಇನ್ನೂ ಅದನ್ನೇ ನಂಬೀರಾ? ಟೇಲರಪ್ಪಾರು ನಮ್ಮನೇಲಿ ನೀರು ಸೈತ ಕುಡಿದೋರಲ್ಲ ಹಾಲೇಶಪ್ಪ. ಬಾಟ್ಲಿ ಮನಿಂದಾನೇ ತರೋರು." ಅವನು ಚೀಲದಿಂದ ಬೆಂಕಿಪೊಟ್ಟಣ ತೆಗೆದು ತೆರೆದ. ಒಳಗೆ ಒಂದು ಪುಟ್ಟ ಗಾಳ. ಅದಕ್ಕೆ ಹುಂಜದ ಕತ್ತಿನ ಗರಿಯನ್ನು ಕೆಂಪು ದಾರದಲ್ಲಿ ಸುತ್ತಿ ಸುತ್ತಿ ಬಿಗಿದಿತ್ತು. ಥೇಟ್ ರೆಕ್ಕೆ ಬಿಚ್ಚಿದ ನೊಣ. ದಾರದ ಆ ಸುತ್ತು ಅಪ್ಪನ ಕೈಯದೇ. ಅಂಗಿ ಗುಂಡಿಗೆ ಕಾಜಾ ಹೊಲಿದು ಪಳಗಿದ ಕೈ.

"ನಮ್ಮ ಗುಡ್ಡದ ಬುಡದಾಗೆ ಒರತೆ ಹಳ್ಳ ಐತೆ. ಬ್ಯಾಸ್ಗೇಲೂ ಮೊಣಕಾಲುದ್ದ ನೀರು. ಒಂದ್ಸಲ ಅಂಗಿ ಕೊಡಾಕೆ ಬಂದೋರು ನಾನು ಗಾಳ ಹಾಕಾದು ನೋಡ್ತಾ ಕುಂತ್ರು. ಎರೆಹುಳ ಚುಚ್ಚಿದ್ರೆ ಮಕ ತಿರುಗಿಸ್ಕಳ್ಳೋರು. ಮುಂದಿನ್ ವಾರ ಇದನ್ನ ಮಾಡ್ಕಂಡು ಬಂದ್ರು. ಗರಿ ನನ್ ಹುಂಜದ್ದೇ, ಉದುರಿದ್ದು. ನೊಣ ಬಂದು ಕುಂತಂಗೆ ನೀರಿನ ಮ್ಯಾಲೆ ಬಿಡೋರು ನೋಡ್ರಿ, ಮೀನು ಚಂಗ್ ಅಂತ ಎಗರದು!"

"ಆ ಮೀನು?"

"ವಾಪಸ್ ನೀರಿಗೇ. ಕೈ ಒದ್ದೆ ಮಾಡ್ಕಂಡು ಮೆತ್ತಗೆ ಬಿಡ್ಸೋರು. ಮೀನಿನ ಬಾಯಿ ಹರೀಬಾರ್ದು ಅಂತ ಗಾಳದ ಹಿಮ್ಮುಳ್ಳನ್ನೂ ತೇಯ್ದು ನುಣ್ಣಗೆ ಮಾಡವ್ರೆ, ಮುಟ್ಟಿ ನೋಡ್ರಿ. ಒಂದಿನಾನೂ ನಂಗೆ ಸಾರಿಗೆ ಅಂತ ಒಂದು ಮೀನು ಕೊಡ್ಲಿಲ್ಲ ಪುಣ್ಯಾತ್ಮ."

ಹಾಲೇಶ್ ಮುಟ್ಟಲಿಲ್ಲ. "ಮನೇಲಿ ಹೇಳ್ಬೋದಿತ್ತಲ್ಲ," ಎಂದ.

"ನಾನೂ ಅದೇ ಅಂದೆ. 'ಕೋಳಿ ತಿಂದ ಅಂದ್ರೆ ತಟ್ಟೆ ಬ್ಯಾರೆ ಇಡ್ತಾರೆ ಕಾಟಪ್ಪ, ಇಡ್ಲಿ. ಹಸಿವಿಗಲ್ಲ ಏನಲ್ಲ, ಬರೇ ಆಟಕ್ಕೆ ಒಂದು ಜೀವದ ಬಾಯಿಗೆ ಕೊಕ್ಕೆ ಹಾಕ್ತೀನಿ ಅಂತ ಯಾವ ಬಾಯಾಗೆ ಹೇಳ್ಲಿ? ಬಿಡಾಣ ಅಂದ್ರೂ ಬಿಡಾಕಾಗವಲ್ದು. ಅದು ನಂಗೇ ನಾಚ್ಕೆ' ಅಂದ್ರು." ಕಾಟಪ್ಪ ಬೆಂಕಿಪೊಟ್ಟಣ ಮುಚ್ಚಿದ. "ಇದನ್ನ ಅವರ ಜತಿಗೆ ಮಣ್ಣಿಗಿಡಾಣ ಅಂತ ತಂದಿದ್ದೆ. ಬ್ಯಾಡ ಬಿಡ್ರಿ, ಜನ ನೋಡ್ತಾರೆ."

ಬಸ್ಸು ಬಂತು. "ಹತ್ತಬ್ಯಾಡ ಕಾಟಪ್ಪಣ್ಣ," ಎಂದ ಹಾಲೇಶ್. ಹುಟ್ಟಿದಂದಿನಿಂದ ಅವನನ್ನು ಅಣ್ಣ ಎಂದದ್ದು ಇದೇ ಮೊದಲು.

ಮನೆಗೆ ಬಂದು ಅಮ್ಮನ ಕಿವಿಯಲ್ಲಿ ಅಷ್ಟನ್ನೂ ಹೇಳಿದ. ಶಿವಗಂಗಮ್ಮ ಅಳು ನಿಲ್ಲಿಸಿ ಗಂಡನ ಮುಖವನ್ನೇ ನೋಡಿದಳು. "ಮೂರು ವರ್ಷ ಹೊರಗೆ ಕುಂದ್ರಿಸಿದ್ನಲ್ಲೋ," ಎಂದಳು. ಆಮೇಲೆ ಅಳುವುದಕ್ಕೂ ಅವಳಿಗೆ ನಾಚಿಕೆಯಾಯಿತು.

*

ತೆಂಗಿನ ತೋಟದ ಮೂಲೆಯಲ್ಲಿ ತೋಡಿದ ಗುಣಿಯೊಳಗೆ ತಿಪ್ಪೇರುದ್ರಪ್ಪನನ್ನು ಕೂರಿಸಿದರು. ಅಯ್ಯನವರು ಮಂತ್ರ ಹೇಳಿ, ವಿಭೂತಿ, ಬಿಲ್ವಪತ್ರೆ ಹಾಕಿಸಿದರು. ಮೊದಲ ಹಿಡಿ ಮಣ್ಣು ಮಗನದು. ಅಪ್ಪನ ಮುಖ ನೋಡಲಾರದೆ ಹಾಲೇಶ್ ಕಣ್ಣು ಮುಚ್ಚಿಕೊಂಡು ಹಾಕಿದ. ಆಮೇಲೆ ತಿರುಗಿ, ದೂರದ ಬೇಲಿಯ ಹತ್ತಿರ ನಿಂತವನನ್ನು ಕರೆದ.

"ಕಾಟಪ್ಪಣ್ಣ, ಬಾ."

"ಅವನ್ಯಾಕೆ ಮತ್ತೆ?" ಎಂದ ಜಂಬಣ್ಣ.

"ಬೆಳಿಗ್ಗೆ ನಾರಿದ್ದು ಅವನ ಚೀಲ ಅಲ್ಲ ಚಿಕ್ಕಪ್ಪ. ಒಲಿಗೆ ಗರಿ ಹಾಕಿದ್ದು ನಾನು."

"ಯಾರ ಗರಿ? ಮನ್ಯಾಗೆ ಹೆಂಗೆ ಬಂತು?"

ನಿಜ ಹೇಳಿದರೆ ಅಪ್ಪ ಮೂರು ವರ್ಷ ಮುಚ್ಚಿಟ್ಟಿದ್ದನ್ನು ಅವನ ಗುಣಿಯ ಮುಂದೆಯೇ ಬಿಚ್ಚಿಟ್ಟಂತಾಗುತ್ತಿತ್ತು. ಹಾಲೇಶ್ ತಲೆ ತಗ್ಗಿಸಿದ. "ನಂದು. ಇನ್ನೇನೂ ಕೇಳಬ್ಯಾಡ್ರಿ."

ಜಂಬಣ್ಣ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಪಕ್ಕದಲ್ಲಿದ್ದವರೂ ಸರಿದರು.

ಆ ತೆರವಿನಲ್ಲಿ ಕಾಟಪ್ಪ ಬಂದು ಗುಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತ. ಬೆಂಕಿಪೊಟ್ಟಣವನ್ನು ಚೀಲದಿಂದ ತೆಗೆಯದೆ ಒಂದು ಹಿಡಿ ಮಣ್ಣು ಎತ್ತಿಕೊಂಡ. ತಕ್ಷಣ ಹಾಕಲಿಲ್ಲ. ಒಂದು ಕೈಯಲ್ಲಿ ಮಣ್ಣು ಹಿಡಿದು, ಇನ್ನೊಂದರಿಂದ ಅದರೊಳಗಿನ ಹರಳುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟ. ಬೆರಳಿನಿಂದ ಹಿಸುಕಿ ನೋಡಿ, ಹಿಟ್ಟಿನಷ್ಟು ನಯವಾದ ಮೇಲೆ ಮೆತ್ತಗೆ ಕೆಳಗೆ ಬಿಟ್ಟ. ಹಾಲೇಶ್ ಆಗ ಬಗ್ಗಿ ನೋಡಿದ. ಅವನು ಕಣ್ಣು ಮುಚ್ಚಿಕೊಂಡು ಹಾಕಿದ್ದ ಮಣ್ಣಿನ ಹೆಂಟೆ ಒಡೆಯದೆ ಅಪ್ಪನ ಭುಜದ ಮೇಲೆ ಹಾಗೇ ಕೂತಿತ್ತು.