ಕಪ್ಪೆಯ ಪೆಟ್ಟಿಗೆಯಲ್ಲಿ ಕಬ್ಬು

ನಮ್ಮ ಮನೆಯವರಿಗೆ ಖಾಲಿ ಮಣ್ಣು ಕಂಡರೆ ಕೈ ಸುಮ್ಮನಿರುವುದಿಲ್ಲ, ಕಬ್ಬು ಊರಿಬಿಡುತ್ತಾರೆ. ಬದುವಿನ ಮೇಲೆ ಕಬ್ಬು, ಬಾವಿಯ ಸುತ್ತ ಕಬ್ಬು, ಹಿತ್ತಲ ಬಾಗಿಲು ತೆಗೆದರೆ ಮುಖಕ್ಕೆ ಬಡಿಯುವುದೂ ಕಬ್ಬೇ. ಮದುವೆಯಾಗಿ ಬಂದ ಹೊಸದರಲ್ಲಿ ಅಲ್ಲೊಂದು ಮಲ್ಲಿಗೆ ಬಳ್ಳಿ ಹಚ್ಚುತ್ತೇನೆ ಅಂದಿದ್ದೆ. "ಸಕ್ರಿ ಫ್ಯಾಕ್ಟರಿಯಾಗ ಮಲ್ಲಿಗಿ ನುರಸ್ತಾರೇನಬೇ?" ಎಂದು ನಕ್ಕುಬಿಟ್ಟರು ನನ್ನ ಗಂಡ ಶಿದ್ರಾಮಪ್ಪನವರು. ಆ ಜಾಗದಲ್ಲೂ ಕಬ್ಬೇ ಎದ್ದಿತು.

ಸೊಸೆ ಮಧುಮತಿ ಬನಹಟ್ಟಿಯ ನೇಕಾರರ ಮಗಳು. ಅವಳ ತವರಿನಲ್ಲಿ ಮಗ್ಗಕ್ಕೇ ಜಾಗ ಸಾಲದು, ಹಿತ್ತಲು ಎಲ್ಲಿಂದ ಬರಬೇಕು? ಇಲ್ಲಿಗೆ ಬಂದ ಮೇಲೆ, ಬಚ್ಚಲಲ್ಲಿ ಸಿಕ್ಕ ಕುಂಟು ಕಪ್ಪೆಯೊಂದನ್ನು ಮೀನು ಸಾಕುವ ಹಳೆಯ ಗಾಜಿನ ಪೆಟ್ಟಿಗೆಯಲ್ಲಿ ಸಾಕಿಕೊಂಡಳು. ಅದಕ್ಕೊಂದು ಕಾಡು ಬೇರೆ! ಜಮಖಂಡಿಯ ನರ್ಸರಿಯಿಂದ ಮನಿಪ್ಲಾಂಟ್, ಜರಿಗಿಡ ತಂದು, ಬೇರನ್ನು ತಿಕ್ಕಿ ತಿಕ್ಕಿ ತೊಳೆಯುತ್ತ ಕೂತಳು.

"ಏನವಾ, ಗಿಡಕ್ಕೂ ಎಣ್ಣಿಸ್ನಾನೇನ?" ಅಂದೆ.

"ಕಪ್ಪಿ ತೊಗಲಿನಿಂದನ ನೀರ ಕುಡಿತೈತ್ರಿ ಅತ್ತಿ. ಗೊಬ್ಬರ, ಔಷಧ ಉಳದ್ರ ಸತ್ತ ಹೋಗತೈತಿ. ಎಲಿನೂ ಮೆತ್ತಗಿರಬೇಕ್ರಿ, ಇಲ್ಲಾಂದ್ರ ಮೈ ಗೀರತೈತಿ."

"ಗೊಬ್ಬರ ಇಲ್ಲದ್ದು ಎಂಥಾ ಬೆಳಿಯವಾ ಅದು!" ಎಂದು ಇವರು ಮೀಸೆಯಡಿಯಲ್ಲೇ ನಕ್ಕರು.

ಅಷ್ಟರಲ್ಲಿ ಮಧುಮತಿ ಅಕ್ಕನ ಬಾಣಂತನಕ್ಕೆಂದು ತವರಿಗೆ ಹೋಗಬೇಕಾಯಿತು. ಪೆಟ್ಟಿಗೆಗೆ ನೀರು ಚಿಮುಕಿಸುವುದು, ಕಪ್ಪೆಗೆ ಹುಳ ಹಾಕುವುದು ಇವರ ಪಾಲಿಗೆ ಬಂತು. ನನಗೋ ಕಪ್ಪೆ ಕಂಡರೆ ಮೈ ಜುಮ್ಮೆನ್ನುತ್ತದೆ, ಅತ್ತ ಹಾಯಲೇ ಇಲ್ಲ. ಅವಳು ಫೋನ್ ಮಾಡಿದಾಗಲೆಲ್ಲ ಇವರದು ಒಂದೇ ಮಾತು, "ಬೆಳಿ ಭಾಳ ಛಲೋ ಐತಿ ನೋಡವಾ!"

ಅವಳು ತಿರುಗಿ ಬಂದು ನೋಡಿದರೆ, ಪೆಟ್ಟಿಗೆಯ ನಟ್ಟನಡುವೆ ಕಬ್ಬಿನ ಸಸಿ ಎದ್ದು ನಿಂತಿತ್ತು. ಮೇಲಿನ ಜಾಳಿಗೆಯ ಮುಚ್ಚಳವನ್ನು ತಲೆಯಿಂದ ನೂಕಿ ಓರೆ ಮಾಡಿತ್ತು. ಕಪ್ಪೆ ನಾಪತ್ತೆ.

"ಬರೇ ಒಂದ ಮೊಳಕಿ ಕಣ್ಣಿನ ಕಬ್ಬಿನ ತುಂಡ ಹಚ್ಚೇನಿ," ಎಂದು ಇವರು ತೊದಲಿದರು. "ಗೊಬ್ಬರ ಮುಟ್ಟಿಲ್ಲ, ನಿನ್ನಾಣಿ!"

ಮಧುಮತಿ ಜಗಳ ತೆಗೆಯಲಿಲ್ಲ. ಕುಸಿದು ಕೂತು ಅತ್ತಳು. "ಹೊರಗ ಎಲ್ಲಾ ನಿಮ್ಮ ಕಬ್ಬ ಐತ್ರಿ ಮಾವಾರ. ಇಷ್ಟಗಲದ ಪೆಟ್ಟಿಗಿ ಒಂದ ನನ್ನ ಹೊಲ ಇತ್ತು."

"ನಿಂತೀರೇನ ಇನ್ನಾ? ಹುಡುಕ್ರಿ!" ಎಂದು ಗಂಡನ ಮೇಲೆ ಹಾರಿಬಿದ್ದೆ. ಹೊರಗೆ ಕೆಂಡದಂಥ ಬಿಸಿಲು, ತೇವ ಸಿಗದಿದ್ದರೆ ಆ ಬಡಜೀವ ಒಣಗಿ ಚಕ್ಕಳವಾಗುತ್ತಿತ್ತು. ಇವರು ಮಂಡಿಯೂರಿ ಮಂಚದ ಕೆಳಗೆಲ್ಲ ತೆವಳಿದರು. "ಬಾರಪಾ, ಬಾರಲೇ ತಮ್ಮಾ" ಎಂದು ಕರೆದದ್ದೇನು, ರಮಿಸಿದ್ದೇನು! ಸ್ವಂತ ಮಗನನ್ನೂ ಹಾಗೆ ಕರೆದವರಲ್ಲ.

ಕಡೆಗೆ ಬಚ್ಚಲಿನಿಂದ ಕಿರುಚಾಟ ಕೇಳಿತು. ಒದ್ದೆ ಧೋತರ ಎತ್ತಿದ್ದೇ ತಡ, ಅದರ ಮಡಿಕೆಯಲ್ಲಿದ್ದ ಕಪ್ಪೆ ಇವರ ಎದೆಗೇ ಹಾರಿತ್ತು.

"ಹಿಡೀರಬೇ! ಏ, ಹಂಗಲ್ಲ! ಕೈ ತೊಯಿಸ್ಕೊಂಡ ಹಿಡೀರಿ, ಅದರ ತೊಗಲ ತೆಳ್ಳಗೈತಿ!" ಎಂದು ಓಡಿ ಬಂದ ನಮಗೆ ಇವರೇ ಕೂಗಿ ಹೇಳಿದರು.

ಅಳುತ್ತಿದ್ದ ಸೊಸೆ ನಕ್ಕೇಬಿಟ್ಟಳು. ಕಬ್ಬನ್ನು ಕಿತ್ತು, ಕಪ್ಪೆಯನ್ನು ಅದರ ಕಾಡಿಗೆ ಬಿಟ್ಟಳು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಗುದ್ದಲಿ ಸಪ್ಪಳ. ಹೋಗಿ ನೋಡಿದರೆ, ಬಾಗಿಲೆದುರಿನ ಕಬ್ಬಿನ ಸಾಲನ್ನು ಇವರು ಬೇರುಸಹಿತ ಅಗೆದು ಹಾಕುತ್ತಿದ್ದರು. ಫ್ಯಾಕ್ಟರಿಯ ಕಟಾವಿನ ಪಾಳಿ ಬಾರದೆ ಕಬ್ಬಿನ ಒಂದು ಗಳವನ್ನೂ ಮುಟ್ಟದ ಮನುಷ್ಯ!

ಬೆವರು ಒರೆಸಿಕೊಂಡು ಸೊಸೆಯನ್ನು ಕೇಳಿದರು, "ಇಲ್ಲಿ ಏನ ಹಚ್ಚೂಣು, ಹೇಳವಾ."

ಅವಳು ನನ್ನತ್ತ ನೋಡಿದಳು. "ಮೊದಲ ಅತ್ತಿನ್ನ ಕೇಳ್ರಿ ಮಾವಾರ."

ಅವರು ನನ್ನ ಕಡೆ ತಿರುಗಿ, "ಏನ ಹಚ್ಚೂಣಬೇ?" ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಸುಮ್ಮನೆ ಬಿಡುತ್ತೇನೆಯೇ?

"ಮಲ್ಲಿಗಿ," ಅಂದೆ. "ಫ್ಯಾಕ್ಟರಿಯಾಗ ನುರಸಾಕ ಬರೂದಿಲ್ಲ, ನೋಡ್ರಿ ಮತ್ತ!"