ಹತ್ತು ಸಾವಿರಕ್ಕೆ ಒಂಬತ್ತು ಕಡಿಮೆ

ಹೊಸ ಗಾಜಿನ ಟೈಲ್ಸ್ ಒಂದಕ್ಕೆ ಕೊಡುವ ದುಡ್ಡಿಗೆ, ಮುಚ್ಚಿಹೋದ ಕಾರ್ಖಾನೆಯ ಹಳೇ ದಾಸ್ತಾನಿನಲ್ಲಿ ನಾಲ್ಕು ಬರುತ್ತಿದ್ದವು. ಟೈಲ್ಸ್ ಮೇಸ್ತ್ರಿ ಹಿಂದುಮುಂದು ನೋಡದೆ ತನ್ನ ಅಕ್ಕನ ಕೈಯಿಂದ ಹತ್ತು ಸಾವಿರ ಟೈಲ್ಸ್ ಕೊಳ್ಳಿಸಿಬಿಟ್ಟ. ಅಕ್ಕ ನೃತ್ಯ ಕಲಿಸುವವಳು. ಇಷ್ಟು ವರ್ಷ ಬಾಡಿಗೆ ಕೋಣೆಗಳಲ್ಲಿ ಮಕ್ಕಳನ್ನು ಕುಣಿಸಿ, ಈಗ ಸ್ವಂತದ್ದೊಂದು ಹಾಲ್ ಮಾಡಿಕೊಂಡಿದ್ದಳು. ನಡುವೆ ಎರಡಂಗುಲದ ನೀಲಿ ಟೈಲ್ಸಿನ ನೆಲ, ಸುತ್ತ ಬರೀ ಸಿಮೆಂಟು ಎಂದು ಯೋಜನೆ. ವಾರದೊಳಗೆ ಮೊದಲ ಪಾಠ.

ಅಂಟು ಕಲಸುವ ಮೊದಲು ಇಬ್ಬರೂ ಕೂತು ನೂರಕ್ಕೆ ನೂರರಂತೆ ಜೋಡಿಸಿ ನೋಡಿದರು. ಕೊನೆಗೆ ಬಾಗಿಲ ಹತ್ತಿರದ ಮೂಲೆಯಲ್ಲಿ ಮೂರಕ್ಕೆ ಮೂರರಷ್ಟು ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಉಳಿಯಿತು. ಒಂಬತ್ತು ಟೈಲ್ಸ್ ಪೆಟ್ಟಿಗೆಯಲ್ಲೇ ಪುಡಿಯಾಗಿದ್ದವು. ಆ ನೀಲಿ ಬೇರೆಲ್ಲೂ ಸಿಗುವಂತಿರಲಿಲ್ಲ.

“ಬೇರೆ ಬಣ್ಣದ್ದು ಹಾಕ್ಲಾ ಅಕ್ಕ?”

“ತೇಪೆ ಹಾಕಿದ ನೆಲದ ಮೇಲೆ ಹೊಸ ಶಾಲೆ ಶುರು ಮಾಡ್ಲಾ? ಬರೋರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ ಕಣೋ.”

ಬೇರೆ ಅಳತೆಯಲ್ಲಾದರೂ ನಾಲ್ಕು ಮೂಲೆ ತುಂಬಬಹುದೇ ಎಂದು ಮೇಸ್ತ್ರಿ ಗೋಡೆಯ ಮೇಲೆ 9,991 ಎಂದು ಬರೆದು ಭಾಗಿಸತೊಡಗಿದ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಊಹೂಂ, ಯಾವುದಕ್ಕೂ ಜಗ್ಗಲಿಲ್ಲ. ಹದಿಮೂರು ದಾಟಿದ ಸಂಖ್ಯೆ ಇನ್ಯಾವುದಕ್ಕೂ ಒಡೆಯುವುದಿಲ್ಲ ಎಂಬುದು ಅವನೇ ಮಾಡಿಕೊಂಡಿದ್ದ ಕಾನೂನು.

“ಮಹಾ ಮೊಂಡ ಸಂಖ್ಯೆ ಇದು. ಪಾಲು ಮಾಡೋಕೇ ಬಿಡಲ್ಲ.”

“ಚಿಕ್ಕವನಿದ್ದಾಗ ನೀನೂ ಹಂಗೇ ಇದ್ದೆ!”

“ಒಂದು ಕೆಲಸ ಮಾಡೋಣ. ಆ ತೂತಿನ ಪಕ್ಕದ ಮೂರು ಮೋಟು ಸಾಲು ಎತ್ತಿಬಿಡ್ತೀನಿ. ನೆಲ ಚೂರು ಚಿಕ್ಕದಾದ್ರೂ ಮೂಲೆ ಸರಿಹೋಗುತ್ತೆ. ಮಿಕ್ಕಿದ್ದು ನಿನ್ನ ಅಡುಗೆಮನೆಗಾಯ್ತು.”

“ದುಡ್ಡು ಕೊಟ್ಟಿದ್ದು ಕುಣಿಯೋಕೆ, ಪಾತ್ರೆ ತೊಳೆಯೋಕಲ್ಲ!”

ಅವನು ಸಾಲುಗಳನ್ನು ಎತ್ತಿದ್ದೇ ತಡ, ಅಕ್ಕ ಆ ಟೈಲ್ಸನ್ನು ತಂದು ಗೋಡೆಯ ಪಕ್ಕದ ಅಂಚಿಗೆ ಉದ್ದಕ್ಕೆ ಇಡುತ್ತ ಹೋದಳು. ಮೊದಲನೇ ಸಾಲಿನ ಟೈಲ್ಸ್ ಮುಗಿಯುವುದಕ್ಕೂ ಅಂಚು ಮುಗಿಯುವುದಕ್ಕೂ ಸರಿಹೋಯಿತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಮೇಸ್ತ್ರಿ ಉಸಿರು ಬಿಗಿಹಿಡಿದು ನೋಡಿದ. ಒಂದೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ.

“ಲೋ, ಆ ತೂತು ಎಲ್ಲಿಗೋ ಹೋಯ್ತು?”

ಮೇಸ್ತ್ರಿ ಬೆರಳಿಟ್ಟು ಎಣಿಸಿದ. ಒಂದು ಕಡೆ ತೊಂಬತ್ತೇಳು, ಇನ್ನೊಂದು ಕಡೆ ನೂರಮೂರು. ಗೋಡೆಯ ಮೇಲೆ ಗುಣಿಸಿದ: 9,991! ಮೋಟು ಸಾಲಿಗೆ ನೂರಕ್ಕೆ ಮೂರು ಕಡಿಮೆ. ಮೂರು ಸಾಲು ಎತ್ತಿದ ಮೇಲೆ ಪಕ್ಕದ ಅಂಚಿಗೂ ಮೂರು ಕಡಿಮೆ. ಹೊಂದದೆ ಇನ್ನೇನು?

“ಮೊಂಡ ಸಂಖ್ಯೆ ಅಲ್ಲ ಅಕ್ಕ ಇದು! ನಾನೇ ಬೇಗ ಸೋತುಬಿಟ್ಟೆ!”

“ನಗ್ತಾ ಕೂರಬೇಡ, ಅಂಟು ಕಲಸು,” ಎಂದ ಅಕ್ಕ ತಾನೇ ನಗು ತಡೆಯಲಾರದೆ ಸಿಮೆಂಟಿನ ಮೇಲೆ ಒಂದು ಸುತ್ತು ತಿರುಗಿದಳು.

ಹೋದದ್ದು ಒಂಬತ್ತು ಟೈಲ್ಸ್. ತೇಪೆಯಿಲ್ಲದ, ನಾಲ್ಕೂ ಮೂಲೆ ತುಂಬಿದ ನೀಲಿ ನೆಲ ಅಕ್ಕನದಾಯಿತು.