ಯಾರೂ ಮುಟ್ಟದ ಸಾಲು

“ಇದನ್ನ ಯಾರಪ್ಪಾ ಮತ್ತೆ ತಿದ್ದಿದ್ದು?”

ಅಡುಗೆಮನೆಯಲ್ಲಿ ನಾನೊಬ್ಬನೇ. ಕೆಟಲಿನ ಹಬೆ ಬಿಟ್ಟರೆ ಉತ್ತರ ಕೊಡುವವರಿಲ್ಲ. ಪರದೆಯ ಮೇಲೆ ಅಮ್ಮನ ಸಾಲು ಇರಬೇಕಾದಲ್ಲಿ ಇನ್ಯಾರದೋ ಸಾಲು ಕೂತಿತ್ತು.

ನಮ್ಮ ಸಾಂದೋಯ್ ದ್ವೀಪದ ಕುಣಿತದ ಹಾಡುಗಳು ಅಳಿಯಬಾರದೆಂದು ವಿಕಿ ತೆರೆದವನು ನಾನೇ. ಯಾರು ಬೇಕಾದರೂ ಬರೆಯಲಿ, ಯಾರು ಬೇಕಾದರೂ ತಿದ್ದಲಿ ಎಂದವನೂ ನಾನೇ. ಅಪ್ಪನ ದೋಣಿ ಮರಳದ ಚಳಿಗಾಲದಲ್ಲಿ ಅಮ್ಮ ಹಳೆಯ ಹಾಡೊಂದರ ಕೊನೆಗೆ ತನ್ನದೊಂದು ಸಾಲು ಸೇರಿಸಿದ್ದಳು: “ಬಂದರೂ ನಿನ್ನದು ದೋಣಿ, ಬಾರದಿದ್ದರೂ ನಿನ್ನದೇ, ದೇವರೇ.” ಈಗ ಅಲ್ಲಿ “ಬಂದೇ ಬರಲಿ ದೋಣಿ ದಡಕೆ, ದೇವರೇ” ಎಂದಿದೆ. ನಾನು ಸರಿಪಡಿಸಿದಷ್ಟೂ ಪಕ್ಕದ ಊರಿನವರೋ ಯಾರೋ ತಮ್ಮ ಮಾತನ್ನೇ ಮತ್ತೆ ತಂದು ಕೂರಿಸುತ್ತಾರೆ. ಕೆಳಗೆ ಯಾರ ಹೆಸರೂ ಇಲ್ಲ. ವಿಕಿಯಲ್ಲಿ ಎಲ್ಲವೂ ಎಲ್ಲರದು.

ನಮ್ಮೂರಿನವಳೇ ಆದ ಸುನ್ವಾಳ ಬ್ಲಾಗಿನಲ್ಲಿ ಹಾಗಲ್ಲ. ಅದೇ ಹಾಡು, ಆದರೆ ಅವಳಜ್ಜ ಹಾಡುತ್ತಿದ್ದ ರೀತಿಯಲ್ಲಿ. ಮೇಲೆ ಅಜ್ಜನ ಹೆಸರು, ಗಡ್ಡದ ಫೋಟೊ. ತಿದ್ದುವ ಕೈ ಅವಳೊಬ್ಬಳದೇ. ಮಿಕ್ಕವರಿಗೆ ಕೆಳಗೆ ನಿಂತು ಹೊಗಳುವ ಹಕ್ಕು. “ಅಜ್ಜ ಅಂದ್ರೆ ಅಜ್ಜ!” ಎಂದು ಯಾರೋ ಬರೆದಿದ್ದರು. ಭಾನುವಾರ ಚರ್ಚಿನಲ್ಲಿ ಅವಳ ಹಿಂದಿನ ಬೆಂಚಿನಲ್ಲಿ ಕೂತು, ಅವಳ ಬ್ಲಾಗು ಕೆಟ್ಟುಹೋಗಲಿ ಎಂದು ಬೇಡಿಕೊಂಡೆ. ಆಮೇಲೆ ಕ್ಷಮೆಯನ್ನೂ ಬೇಡಿದೆ.

ಊರ ಕುಣಿತದ ಸಂಜೆ, ಕೈ ಕೈ ಹಿಡಿದು ಸುತ್ತುಗಟ್ಟಿ ನಿಲ್ಲುವಾಗ ಅವಳ ಕೈಯೇ ನನ್ನ ಕೈಗೆ ಬಂತು. ನೆಲ ಗುದ್ದುವ ಕಾಲುಗಳ ತಾಳಕ್ಕೆ ಹಾಡಿನ ಕೊನೆ ಬಂದಾಗ ಸಭಾಂಗಣವೆಲ್ಲ ಒಂದೇ ಬಾಯಾಗಿ “ಬಂದೇ ಬರಲಿ” ಎಂದಿತು. ನಾನೊಬ್ಬನೇ ಅಮ್ಮನದನ್ನು ಹಾಡಿದೆ. ನನಗೇ ಕೇಳಿಸಲಿಲ್ಲ.

ಕೋಟು ತೂಗುಹಾಕುವ ಗೂಟಗಳ ಬಳಿ ಅವಳನ್ನು ತಡೆದೆ.

“ಸುನ್ವಾ, ಒಂದು ಉಪಕಾರ ಮಾಡು. ಅಮ್ಮನ ಸಾಲನ್ನ ನಿನ್ನ ಬ್ಲಾಗಲ್ಲಿ ಹಾಕು, ಅವಳ ಹೆಸರಿಟ್ಟು. ಅಲ್ಲಾದ್ರೆ ಯಾರೂ ಮುಟ್ಟಲ್ಲ.”

“ಓಹೋ! ಎಲ್ಲಾ ಎಲ್ಲರದೂ ಅಂತ ಉಪದೇಶ ಮಾಡ್ತಿದ್ದ ಹಾನುಸಣ್ಣ ನೀನೇನಾ?” ಎಂದು ನಕ್ಕಳು. ನಗು ಅಲ್ಲಿಗೇ ನಿಂತಿತು. “ಅಜ್ಜನ ಥರ ಇವತ್ತು ಒಬ್ರಾದ್ರೂ ಹಾಡಿದ್ರಾ? ಚೆನ್ನಾಗಿದೆ ಅಂತ ನಂಗೆ ಬರೀತಾರೆ, ಕುಣಿಯೋಕೆ ನಿಂತ್ರೆ ನಿನ್ನ ವಿಕಿಯದ್ದೇ ಹಾಡ್ತಾರೆ. ನಿಮ್ಮಮ್ಮ ಆ ಸಾಲು ಸೇರಿಸ್ದೇ ಇದ್ದಿದ್ರೆ ಇವರಿಗೆ ತಿದ್ದೋಕಾದ್ರೂ ಏನಿರ್ತಿತ್ತು? ಹರುಕೋ ಮುರುಕೋ, ಊರ ಬಾಯಲ್ಲಿದ್ದಾಳೆ. ನಮ್ಮಜ್ಜ ಫೋಟೊದಲ್ಲಿದ್ದಾನೆ.”

“ಒಂದೇ ಒಂದು ಸಾಲು ಕಣೇ.”

ಅವಳು ಶಾಲು ಬಿಗಿದುಕೊಂಡಳು.

“ಅಜ್ಜನಿಗಿರೋದು ಅದೊಂದೇ ಜಾಗ. ಅಲ್ಲೂ ನಿಮ್ಮಮ್ಮನ್ನ ತಂದು ಕೂರಿಸಲ್ಲ, ಹಾನುಸಣ್ಣ. ಆಗಲ್ಲ.”